ಒಂದು ಸ್ಟಾರಿನ ದೂರು

ನಾಲ್ಕನೇ ನಂಬರಿನ ಉತ್ತರವನ್ನು ಒತ್ತಿ ಕಳಿಸಿದ ಮೇಲೆಯೇ ನಂದಿತಾ ದೂರನ್ನು ಓದಿದ್ದು. ಓದಿದವಳು ಬಿಸಿ ಪಾತ್ರೆ ಮುಟ್ಟಿದವರ ಹಾಗೆ ಎರಡೂ ಕೈಗಳನ್ನು ಕೀಬೋರ್ಡಿನಿಂದ ಎತ್ತಿ ಮಡಿಲಲ್ಲಿಟ್ಟುಕೊಂಡಳು.

'ಈ ಆ್ಯಪ್ ನನ್ನ ಮಗುವನ್ನು ಅಳಿಸಿ ಹಾಕಿತು' ಎಂದು ಬರೆದಿತ್ತು. ಒಂದೇ ಒಂದು ಸ್ಟಾರ್. ಬರೆದವರು ವನಜಾಕ್ಷಿ, ಕುಣಿಗಲ್. ಅದರ ಕೆಳಗೆ ಈಗಷ್ಟೇ ಅಂಟಿಕೊಂಡ ನಂದಿತಾಳ ಉತ್ತರವಿತ್ತು: 'ನಮಸ್ಕಾರ ವನಜಾಕ್ಷಿ! ನಿಮಗಾದ ಅನನುಕೂಲಕ್ಕೆ ವಿಷಾದಿಸುತ್ತೇವೆ. ಆ್ಯಪ್ ತೆಗೆದು ಮತ್ತೊಮ್ಮೆ ಹಾಕಿಕೊಂಡರೆ ಸಮಸ್ಯೆ ಬಗೆಹರಿಯುತ್ತದೆ. ನಿಮ್ಮ ದಿನ ಶುಭವಾಗಿರಲಿ.' ಕೊನೆಯಲ್ಲಿ ನಗುವ ಹಳದಿ ಮುಖ.

ಬಿ.ಎಚ್. ರಸ್ತೆಯ ಬೇಕರಿಯೊಂದರ ಮೇಲಿನ ಮಹಡಿಯಲ್ಲಿ ಅವಳ ಆಫೀಸು. ಬೆಂಗಳೂರಿನ ಕಂಪನಿಯೊಂದು ನಡೆಸುವ 'ಹಂಸ' ಎಂಬ ಮೇಲ್ ಆ್ಯಪಿಗೆ ಕನ್ನಡದಲ್ಲಿ ಬರುವ ದೂರು, ಸಲಹೆ, ಬೈಗುಳಗಳಿಗೆಲ್ಲ ತುಮಕೂರಿನ ಈ ಮಹಡಿಯಿಂದಲೇ ಉತ್ತರ ಹೋಗುತ್ತಿತ್ತು. ದೂರುಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತಿದ್ದುದರಿಂದ ಉತ್ತರಗಳನ್ನು ಮೊದಲೇ ಬರೆದು ನಂಬರು ಹಾಕಿಟ್ಟಿದ್ದರು. ಮೇಲ್ ಹೋಗುತ್ತಿಲ್ಲ ಎಂದರೆ ಎರಡು. ಫೋಟೋ ತೆರೆಯುತ್ತಿಲ್ಲ ಎಂದರೆ ಮೂರು. ಮೇಲ್ ಕಾಣೆಯಾಗಿದೆ ಎಂದರೆ ನಾಲ್ಕು. 'ಅಳಿಸಿ' ಎಂಬ ಪದ ಕಣ್ಣಿಗೆ ಬಿದ್ದದ್ದೇ ಅವಳ ಬೆರಳು ನಾಲ್ಕರ ಮೇಲೆ ಹೋಗಿ ಕೂತಿತ್ತು.

ಅದೇ ಖಾತೆಯಿಂದ ಹಿಂದೆ ಏನಾದರೂ ಬಂದಿತ್ತೇ ಎಂದು ಹುಡುಕಿದಳು. ಒಂದಿತ್ತು, ಹೋದ ತಿಂಗಳದ್ದು. 'ರಾತ್ರಿ ಮೇಲ್ ಬಂದ ಸದ್ದು ಆಗುತ್ತೆ. ಬೆಳಿಗ್ಗೆ ಎದ್ದು ನೋಡುವಷ್ಟರಲ್ಲಿ ಏನೂ ಇರುವುದಿಲ್ಲ. ನಾವು ಒಂದು ಮುಖ್ಯವಾದ ಮೇಲಿಗೆ ಕಾಯ್ತಾ ಇದ್ದೀವಿ. ದಯವಿಟ್ಟು ಸರಿ ಮಾಡಿಕೊಡಿ.' ಅದಕ್ಕೂ ನಾಲ್ಕನೇ ಉತ್ತರವೇ ಹೋಗಿತ್ತು. ಅದಕ್ಕೂ ನಗುವ ಮುಖ. ಕಳಿಸಿದವರ ಹೆಸರಿನ ಜಾಗದಲ್ಲಿ ನಂದಿತಾ ಪಿ. ಎಂದಿತ್ತು.

ದೂರಿನ ಜೊತೆ ಕೊಟ್ಟಿದ್ದ ನಂಬರಿಗೆ ಅವಳು ಫೋನ್ ಮಾಡಿದಳು. ಅತ್ತ ಕಡೆ ಹೊಲಿಗೆ ಮಷೀನಿನ ಸದ್ದು ಕೇಳಿ, ನಿಂತಿತು.

"ವನಜಾಕ್ಷಿ ಮೇಡಂ, ಹಂಸ ಆ್ಯಪಿಂದ ಮಾತಾಡ್ತಾ ಇದೀನಿ."

"ನಗೋ ಗೊಂಬೆ ಕಳಿಸ್ದವ್ಳು ನೀನೇನಾ?"

"...ಹೌದು ಮೇಡಂ."

"ಯಾಕಮ್ಮ ನಗ್ತೀಯಾ?"

ನಂದಿತಾ ನಂಬರು ಹಾಕಿದ ಉತ್ತರಗಳ ಪಟ್ಟಿಯನ್ನು ಮುಚ್ಚಿ, ಏನಾಯ್ತು ಹೇಳಿ ಮೇಡಂ ಎಂದಳು. ಅತ್ತ ಕಡೆಯ ಹೆಂಗಸು ಹೇಳತೊಡಗಿದಳು. ಅವಳು ಕುಣಿಗಲ್‌ನಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಿದ್ದಳು. ಗಂಡ ಅಂಜನ್‌ಕುಮಾರನಿಗೆ ಪೇಟೆಯಲ್ಲಿ ಬೂಸಾ ಹಿಂಡಿಯ ಅಂಗಡಿ. ಮಗುವೊಂದನ್ನು ದತ್ತು ತಗೊಳ್ಳಲು ಅರ್ಜಿ ಹಾಕಿ ವರ್ಷಗಟ್ಟಲೆ ಕಾದಿದ್ದರು.

"ಎಲ್ಲಾ ಮೇಲಲ್ಲೇ ಬರುತ್ತೆ ಅಂದಿದ್ರು. ಸರತಿ ಬಂದಾಗ ಮಗೂದು ಫೋಟೋ, ವಿವರ ಎಲ್ಲಾ ಕಳಿಸ್ತಾರಂತೆ. ಎರಡು ದಿನದಲ್ಲಿ ಹೂಂ ಅನ್ಬೇಕು. ಅನ್ನಲಿಲ್ಲ ಅಂದ್ರೆ ಮುಂದಿನ ಮನೆಯವ್ರಿಗೆ ಹೋಗುತ್ತೆ. ನಂಗೆ ಬಂದೇ ಇಲ್ಲ. ನಿನ್ನೆ ನಾನೇ ದತ್ತು ಆಫೀಸ್ಗೆ ಫೋನ್ ಮಾಡಿ, ಯಾಕ್ ಮೇಡಂ ನಮ್ದಿನ್ನೂ ಬಂದಿಲ್ವಲ್ಲ ಅಂದೆ. ಕಳಿಸಿದ್ವಲ್ಲ, ನೀವೇ ಉತ್ತರ ಕೊಡ್ಲಿಲ್ಲ, ಬೇಡ ಅಂತ ತಿಳ್ಕೊಂಡ್ವಿ ಅಂದ್ರು. ಬೇಡ ಅಂತ! ಗಂಡೋ ಹೆಣ್ಣೋ ಅಂತ ಕೇಳೋಕೂ ಬಾಯ್ ಬರ್ಲಿಲ್ಲ ನಂಗೆ."

"ಈಗ ಮಗು ಬೇರೆಯವ್ರಿಗೆ..."

"ಬೇರೆಯವ್ರಿಗೆ ತೋರಿಸವ್ರೆ. ಅವ್ರು ಇನ್ನೂ ಏನೂ ಹೇಳಿಲ್ಲ. ಇವತ್ತು ಸಂಜೆವರ್ಗೂ ಟೈಮಂತೆ. ಅಷ್ಟರೊಳ್ಗೆ, ನಿಮ್ಗೆ ಯಾಕೆ ಮೇಲ್ ಸಿಗ್ಲಿಲ್ಲ ಅಂತ ಸರಿಯಾದ ಕಾರಣ ತಂದು ತೋರಿಸಿದ್ರೆ ಮೇಲಿನವ್ರ ಹತ್ರ ಮಾತಾಡ್ತೀನಿ ಅಂದವ್ರೆ ಉಮಾಮಹೇಶ್ವರಿ ಮೇಡಂ. ಅವ್ರೇ ನಮ್ ಫೈಲ್ ನೋಡ್ಕೊಳ್ಳೋರು. ನೀನ್ ಹೇಳು, ಯಾಕ್ ಸಿಗ್ಲಿಲ್ಲ?"

"ನೋಡೋಣ ಮೇಡಂ. ಆ್ಯಪ್ ತೆಗೀರಿ. ಮೇಲ್ಗಡೆ ಮೂರು ಗೆರೆ ಇದ್ಯಲ್ಲ, ಅದನ್ನ ಒತ್ತಿ. ಸೆಟ್ಟಿಂಗ್ಸ್. ಅದ್ರೊಳ್ಗೆ 'ನಿಮ್ಮ ಸಾಧನಗಳು' ಅಂತ ಇರುತ್ತೆ."

"ಸಾಧನ ಅಂದ್ರೆ?"

"ಈ ಮೇಲ್ ಐಡಿ ಯಾವ್ ಯಾವ್ ಫೋನಲ್ಲಿ ಇದ್ಯೋ ಅದು. ನಿಮ್ದೊಂದು ಕಾಣ್ಬೇಕು. ಮನೆಯವ್ರ ಫೋನಲ್ಲೂ ಹಾಕ್ಕೊಂಡಿದ್ರೆ ಅದೊಂದು."

ಅತ್ತ ವನಜಾಕ್ಷಿ ಒಂದೊಂದನ್ನೇ ಒತ್ತುತ್ತಾ ಹೋದಳು.

"ಯಾರ್ ಯಾರ್ದೋ ಹೆಸರಿದೆ."

"ಓದಿ ಮೇಡಂ."

"ಸುಶ್ಮಿತಾ ಚೇಳೂರು. ಚಿಕ್ಕಮಾರಯ್ಯ ನಿಟ್ಟೂರು. ದೊಡ್ಡರಂಗಯ್ಯ ಕುರಿ. ಕುರಿ ಅಂತಾನೇ ಬರ್ದವ್ರೆ. ವನಜಾಕ್ಷಿ ಕುಣಿಗಲ್, ಇದು ನಾನು. ಪೂಜಾ ಬ್ಯೂಟಿ ಪಾರ್ಲರ್. ಪುಟ್ಟರಂಗಯ್ಯ ಕಡಬ. ಎಳ್ನೀರ್ ರಾಜಣ್ಣ..."

"ಒಂದ್ ನಿಮಿಷ. ಎಳ್ನೀರಿಗೆ ಮುಂಚಿಂದು?"

"ಪುಟ್ಟರಂಗಯ್ಯ ಕಡಬ."

ಅದು ನಂದಿತಾಳ ಅಪ್ಪ. ಕಡಬದ ಕೆರೆ ಹಿಂದಿನ ತೋಟದಲ್ಲಿ ಈ ಹೊತ್ತಿನಲ್ಲಿ ಅಂಗಿ ಜೇಬಿಗೆ ಫೋನ್ ಹಾಕಿಕೊಂಡು ಓಡಾಡುತ್ತಿರುವ ಅಪ್ಪ. ಮೇಲ್ ಆ್ಯಪಿನ ಆಫೀಸಿನಲ್ಲಿ ಮಗಳು ಕೆಲಸ ಮಾಡುತ್ತಾಳೆ ಎಂದು ಊರಿಗೆಲ್ಲ ಹೇಳುವ ಅಪ್ಪನ ಮೇಲ್, ಬ್ಯೂಟಿ ಪಾರ್ಲರಿನ ಪೂಜಾಳ ಜೊತೆಗೂ ಕುರಿಯ ದೊಡ್ಡರಂಗಯ್ಯನ ಜೊತೆಗೂ ಒಂದೇ ಡಬ್ಬಿಯಲ್ಲಿ ಬೀಳುತ್ತಿತ್ತು.

"ಇನ್ನೂ ಕೆಳಕ್ಕೆ ಹೋಗ್ತಾನೇ ಐತೆ. ಮುಗೀತಾನೇ ಇಲ್ಲ," ಎಂದಳು ವನಜಾಕ್ಷಿ. ಅವಳ ದನಿ ಈಗ ಜಗಳದ್ದಾಗಿರಲಿಲ್ಲ. ಬಚ್ಚಲಿನ ಬಾಗಿಲು ತೆಗೆದಾಗ ಒಳಗೆ ಜಾತ್ರೆಯಷ್ಟು ಜನ ನಿಂತಿದ್ದು ಕಂಡವಳ ದನಿ. "ಇವ್ರೆಲ್ಲಾ ನನ್ ಮೇಲ್ ನೋಡ್ತವ್ರಾ?"

"ಅದರ ಕೆಳಗೆ 'ಇತ್ತೀಚಿನ ಚಟುವಟಿಕೆ' ಅಂತ ಇದೆ ನೋಡಿ. ಏನ್ ಬರ್ದಿದೆ?"

"ದೊಡ್ಡಗಂಗಮ್ಮ ಸಿ.ಎಸ್. ಪುರ. ಎಲ್ಲವನ್ನೂ ಅಳಿಸಲಾಗಿದೆ. ದೊಡ್ಡಗಂಗಮ್ಮ ಸಿ.ಎಸ್. ಪುರ. ಕಸದ ಬುಟ್ಟಿ ಖಾಲಿ ಮಾಡಲಾಗಿದೆ. ಅದು ಇವತ್ತು ಬೆಳಿಗ್ಗೇದು. ನಿನ್ನೇದೂ ಅಷ್ಟೇ. ಮೊನ್ನೇದೂ..." ಅವಳು ನಿಲ್ಲಿಸಿದಳು. "ದಿನಾ ಬೆಳಿಗ್ಗೆ. ದಿನಾ. ಯಾರಮ್ಮ ಇವ್ಳು? ನಾನೇನ್ ಮಾಡಿದೀನಿ ಇವ್ಳಿಗೆ?"

"ಈ ಐಡಿ ನಿಮ್ಗೆ ಯಾರು ಮಾಡ್ಕೊಟ್ಟಿದ್ದು ಮೇಡಂ?"

"ಗುಬ್ಬಿ ಬಸ್‌ಸ್ಟ್ಯಾಂಡ್ ಹತ್ರ ಕೆ.ಕೆ. ಮೊಬೈಲ್ಸ್ ಅಂತ. ನನ್ ತವ್ರುಮನೆ ಆ ಕಡೇನೇ. ಫೋನ್ ಅಲ್ಲೇ ತಗೊಂಡಿದ್ದು."

ಅಪ್ಪನ ಫೋನೂ ಅಲ್ಲೇ ಕೊಂಡದ್ದು. ಕೊಡಿಸಿದವಳು ನಂದಿತಾಳೇ. ಅಂಗಡಿಯ ಕೃಷ್ಣಕುಮಾರ್ ಅಣ್ಣ ಅಪ್ಪನ ಫೋನನ್ನು ರೆಡಿ ಮಾಡುತ್ತಿದ್ದಾಗ ಅವಳು ಪಕ್ಕದ ಸ್ಟೂಲಿನಲ್ಲಿ ಕೂತು ತನ್ನ ಫೋನು ನೋಡುತ್ತಿದ್ದಳು.

"ನಾನ್ ಈಗ್ಲೇ ಬಸ್ ಹತ್ತಿ ಗುಬ್ಬಿಗೆ ಹೋಗ್ತೀನಿ," ಎಂದಳು ವನಜಾಕ್ಷಿ.

"ನಾನೂ ಬರ್ತೀನಿ," ಎಂದುಬಿಟ್ಟಳು ನಂದಿತಾ. "ಮೊದ್ಲು ಕಂಪನಿಯಿಂದ ಒಂದು ಲೆಟರ್ ಸಿಗುತ್ತಾ ನೋಡ್ತೀನಿ."

ಟೀಮ್ ಲೀಡರ್ ಹನುಮಂತರಾಜು ಗಾಜಿನ ಕ್ಯಾಬಿನ್ನಿನಲ್ಲಿ ಕೂತು ಕಾಂಗ್ರೆಸ್ ಕಡ್ಲೆಬೀಜ ತಿನ್ನುತ್ತಿದ್ದ. ಅವಳು ಬಾಯಿ ತೆರೆಯುವ ಮೊದಲೇ ಪರದೆಯನ್ನು ಅವಳತ್ತ ತಿರುಗಿಸಿದ.

"ಇದೇ ತಾನೆ? ಬೆಂಗ್ಳೂರಿಂದ ಆಗ್ಲೇ ಫೋನ್ ಬಂತು. ಮಗು ಗಿಗು ಅಂತ ಬರ್ದ್ಬಿಟ್ರೆ ಹೆಂಗಮ್ಮ? ಓದಿದ್ರೆ ಪೊಲೀಸ್ ಕೇಸ್ ಥರ ಕಾಣುತ್ತೆ. ಹಂಸ ಪ್ಲಸ್ ಒಂದ್ ವರ್ಷ ಫ್ರೀ ಅಂತ ಹೇಳಿ ಅದನ್ನ ತೆಗಿಸ್ಬಿಡು."

ಅವಳು ನಡೆದದ್ದನ್ನು ಹೇಳಿದಳು. ಹೇಳುತ್ತಾ ಹೋದಂತೆ ಅವನ ಮುಖ ಅರಳಿತು.

"ಅಂದ್ರೆ ನಮ್ ಆ್ಯಪಿಂದು ಏನೂ ತಪ್ಪಿಲ್ಲ!"

"ಇಲ್ಲ ಸರ್. ಅದನ್ನೇ ಬರ್ಕೊಡಿ. ಬೇರೆ ಯಾರದೋ ಫೋನಿಂದ ಅಳಿಸಿದ್ದು, ಇವ್ರು ಆ ಮೇಲ್ ನೋಡೇ ಇಲ್ಲ ಅಂತ ಎರಡು ಸಾಲು. ಅಷ್ಟು ಸಾಕು ಅವ್ರಿಗೆ. ಹೋದ ತಿಂಗ್ಳೇ ದೂರು ಕೊಟ್ಟಿದ್ರು. ನಾವೇ ಕೇಳಿಸ್ಕೊಂಡಿಲ್ಲ."

"ನೋಡು ನಂದಿತಾ, ಲೆಟರ್‌ಹೆಡ್ ಮೇಲೆ ಏನ್ ಬರೆದ್ರೂ ಅದು ಕಂಪನಿ ಒಪ್ಕೊಂಡ ಹಾಗೆ. ಅದೂ ಕೇಳಿಸ್ಕೊಂಡಿಲ್ಲ ಅಂತ ಬೇರೆ ಬರೀಲಾ? ಬೆಂಗ್ಳೂರಲ್ಲಿ ಲೀಗಲ್‌ನವ್ರು ಇದಾರೆ. ಅವ್ರು ನೋಡ್ಬೇಕು, ಮಾತಾಡ್ಬೇಕು. ಹದಿನೈದು ದಿನ ಅಂತ ಹೇಳು."

"ಸಂಜೆಯೊಳ್ಗೆ ಬೇಕು ಸರ್."

"ಸಂಜೆಯೊಳ್ಗೆ ನಮ್ಮಲ್ಲಿ ಟೀ ಒಂದೇ ಸಿಗೋದು."

ಅವನು ಕೆಟ್ಟವನಲ್ಲ. ಅವಳು ಬ್ಯಾಗ್ ತಗೊಂಡು ಮೆಟ್ಟಿಲಿಳಿಯುವಾಗ ಹಿಂದಿನಿಂದ ಕೂಗಿ, ನಿನ್ನ ಹೆಸರಿಗೆ ಅರ್ಧ ದಿನದ ರಜೆ ಹಾಕಿರುತ್ತೇನೆ, ಹುಷಾರಾಗಿ ಹೋಗಿ ಬಾ ಎಂದ.

ಗುಬ್ಬಿಯಲ್ಲಿ ಬಸ್ಸಿಳಿದಾಗ ವನಜಾಕ್ಷಿ ಆಗಲೇ ಕೆ.ಕೆ. ಮೊಬೈಲ್ಸ್ ಮುಂದೆ ನಿಂತಿದ್ದಳು. ದನಿ ಕೇಳಿ ದೊಡ್ಡ ಆಳು ಅಂದುಕೊಂಡಿದ್ದಳು ನಂದಿತಾ. ಆದರೆ ಇವಳು ಸಣ್ಣಗೆ, ಕುಳ್ಳಗೆ ಇದ್ದಳು. ಸೀರೆಯ ಭುಜದ ಮೇಲೆ ಎರಡು ಗುಂಡುಸೂಜಿ ಚುಚ್ಚಿದ್ದು ಹಾಗೇ ಇತ್ತು. ಹೊಲಿಯುತ್ತಿದ್ದಲ್ಲಿಂದ ಎದ್ದು ಬಂದಿದ್ದಳು.

"ಮನೆಯವ್ರು ಬರ್ಲಿಲ್ವಾ?"

"ಇವ್ರಿಗೆ ಹೇಳೇ ಇಲ್ಲ. ಲೋಡ್ ಬಂದದೆ, ಬೂಸಾ ಇಳಿಸ್ತವ್ರೆ. ಮಗು ನಮ್ದು ಅಂತ ಆದ್ಮೇಲೆ ಹೇಳ್ತೀನಿ. ಹೋಯ್ತು ಅಂತ ಹೇಳಕ್ಕೆ ನಂಗೆ ಬರಲ್ಲ."

ಕೃಷ್ಣಕುಮಾರ್ ಒಂದು ಫೋನಿನ ಹೊಟ್ಟೆ ಬಿಚ್ಚಿ, ಕಣ್ಣಿಗೆ ಗಾಜು ಕಚ್ಚಿಕೊಂಡು ಕೂತಿದ್ದ. ನಂದಿತಾಳನ್ನು ಕಂಡು ಗಾಜು ತೆಗೆದ.

"ಏ, ಪುಟ್ಟರಂಗಣ್ಣನ ಮಗಳಲ್ವಾ! ಬಾ ಬಾ. ಏನು, ನಿಮ್ಮಪ್ಪ ಮತ್ತೆ ಫೋನ್ನ ಬೋರ್‌ವೆಲ್ ತೊಟ್ಟಿಗೆ ಹಾಕಿದ್ರಾ?"

ನಂದಿತಾ ಅವನ ತಲೆಯ ಮೇಲಿನ ಗೋಡೆ ನೋಡುತ್ತಿದ್ದಳು. ಮಾಲೆ ಹಾಕಿದ ಲಕ್ಷ್ಮಿ ಪಟದ ಕೆಳಗೆ ನೀಲಿ ಬಣ್ಣದಲ್ಲಿ, ಬೋರ್ಡು ಬರೆಯುವವರ ದುಂಡನೆಯ ಅಕ್ಷರದಲ್ಲಿ, 'ಮೇಲ್ ಪಾಸ್‌ವರ್ಡ್ ಮರೆತವರು ಇಲ್ಲಿ ನೋಡಿಕೊಳ್ಳಿ' ಎಂದು ಬರೆಸಿತ್ತು. ಅದರ ಕೆಳಗೆ ಪಾಸ್‌ವರ್ಡು. ಕೊನೆಗೊಂದು ಹೂವಿನ ಬಳ್ಳಿ.

ಪಾಸ್‌ವರ್ಡನ್ನು ಯಾರಿಗೂ ಹೇಳಬೇಡಿ ಎಂಬ ಸಾಲನ್ನು ಅವಳು ಸಾವಿರಾರು ಜನರಿಗೆ ಕಳಿಸಿದ್ದಳು. ಅದು ಏಳನೇ ನಂಬರಿನ ಉತ್ತರ. ರಸ್ತೆಯಲ್ಲಿ ಹೋಗುವ ಬಸ್ಸಿನ ಕಿಟಕಿಯಿಂದಲೂ ಓದಬಹುದಾದಷ್ಟು ದೊಡ್ಡದಾಗಿ ಪಾಸ್‌ವರ್ಡನ್ನು ಬರೆಸಬಹುದು ಎಂದು ಅವಳಿಗಾಗಲಿ, ಬೆಂಗಳೂರಿನವರಿಗಾಗಲಿ ಹೊಳೆದಿರಲಿಲ್ಲ.

"ಕಿಟ್ಟಣ್ಣ, ಇದೇನಣ್ಣ ಇದು?"

"ಹೆಂಗೈತೆ?" ಅವನು ಹೆಮ್ಮೆಯಿಂದ ತಿರುಗಿ ನೋಡಿದ. "ಮೊದ್ಲು ಒಬ್ಬೊಬ್ರಿಗೂ ಒಂದೊಂದ್ ಐಡಿ ಮಾಡ್ಕೊಡ್ತಿದ್ದೆ ಕಣಮ್ಮ. ವಾರ ಕಳೆಯಂಗಿಲ್ಲ, ಪಾಸ್‌ವರ್ಡ್ ಮರ್ತೋಯ್ತು ಅಂತ ಬರೋರು. ಬರ್ದಿಟ್ಕಳಿ ಅಂದ್ರೆ, ಬರ್ದಿಟ್ಟ ಚೀಟಿ ಎಲ್ಲಿಟ್ಟೆ ಅನ್ನೋದು ಮರ್ತೋಯ್ತು ಅನ್ನೋರು. ಕೊನೇಗ್ ನನ್ನೇ ಬಯ್ಯೋರು. ಆಮೇಲೆ ತಲೆ ಓಡಿಸ್ದೆ. ಅಂಗ್ಡಿದೇ ಒಂದ್ ಐಡಿ, ಎಲ್ರಿಗೂ ಅದೇ. ಯಾರ್ದು ಅಂತ ಗೊತ್ತಾಗ್ಲಿ ಅಂತ ಫೋನ್ಗೆ ಹೆಸ್ರು ಊರು ಹಾಕ್ಬಿಡೋದು. ಮರೆತ್ರೆ ಬಂದು ಗೋಡೆ ನೋಡ್ಕಂಡ್ ಹೋಗ್ತಾರೆ. ಬೀದಿ ನಲ್ಲಿ ಇದ್ದಂಗೆ. ಇಲ್ಲೀವರ್ಗೂ ಒಬ್ರೂ ಕಂಪ್ಲೇಂಟ್ ಮಾಡಿಲ್ಲ."

"ಒಬ್ರ ಮೇಲ್ ಇನ್ನೊಬ್ರಿಗೆ ಹೋಗಲ್ವಾ?"

"ಹೋಗ್ಬೇಕಾದ್ರೆ ಮೇಲ್ ಬರ್ಬೇಕಲ್ಲಮ್ಮ. ಫೋನ್ ಸ್ಟಾರ್ಟ್ ಆಗಕ್ಕೆ ಒಂದ್ ಐಡಿ ಬೇಕು, ಅದ್ಕೆ ಹಾಕೋದು. ನಮ್ ಜನಕ್ಕೆ ಯಾರ್ ಮೇಲ್ ಕಳಿಸ್ತಾರೆ?"

"ನಂಗ್ ಕಳಿಸಿದ್ರು," ಎಂದಳು ವನಜಾಕ್ಷಿ.

ಆಗ ಅವನು ಅವಳ ಕಡೆ ಸರಿಯಾಗಿ ನೋಡಿದ. ನಂದಿತಾ ವಿಷಯವೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಅವನ ಕೈಯಲ್ಲಿದ್ದ ಸಣ್ಣ ಸ್ಕ್ರೂ ಜಾರಿ ಎಲ್ಲಿ ಬಿತ್ತೋ, ಅವನು ಹುಡುಕಲಿಲ್ಲ. ಎದ್ದು ಗೋಡೆಯ ಮುಂದೆ ನಿಂತ. ಆ ಅಕ್ಷರಗಳನ್ನು ಮೈಯಿಂದಲೇ ಮುಚ್ಚಿಬಿಡುವವನ ಹಾಗೆ ನಿಂತುಕೊಂಡ.

"ದೊಡ್ಡಗಂಗಮ್ಮ ಅಂತ ಯಾರು?" ಎಂದು ಕೇಳಿದಳು ವನಜಾಕ್ಷಿ. "ನಂಗೆ ಅವ್ಳನ್ನ ನೋಡ್ಬೇಕು. ನಾನೇ ಅಳಿಸಿದ್ದು ಅಂತ ಉಮಾಮಹೇಶ್ವರಿ ಮೇಡಂ ಹತ್ರ ಅವ್ಳ ಬಾಯಲ್ಲೇ ಹೇಳಿಸ್ಬೇಕು. ಅಷ್ಟೇ ನಂಗೆ ಬೇಕಾಗಿರೋದು."

"ಅಜ್ಜಿ ಅವ್ರು. ನಂಬರ್ ಐತೆ. ಆದ್ರೆ ಫೋನ್ ಎತ್ತಲ್ಲ, ಕಿವಿ ಸ್ವಲ್ಪ ಮಂದ," ಎಂದ ಕೃಷ್ಣಕುಮಾರ್. ಎರಡು ಸಲ ಪ್ರಯತ್ನಿಸಿದ. ಎತ್ತಲಿಲ್ಲ. ಷಟರ್ ಎಳೆದ. "ನನ್ ಓಮ್ನಿ ಐತೆ. ಹತ್ತಿ."

ಓಮ್ನಿಯ ಹಿಂದಿನ ಸೀಟಿನಲ್ಲಿ ಹಳೆಯ ಫೋನುಗಳ ಡಬ್ಬಿಗಳು ಗುಂಡಿ ಬಂದಾಗಲೆಲ್ಲ ಮಗುಚಿಕೊಳ್ಳುತ್ತಿದ್ದವು. ಕಡಬದ ಕೆರೆ ಏರಿ ಮೇಲೆ ಬಂದಾಗ ನಂದಿತಾ ಒಂದು ಕ್ಷಣ ತಮ್ಮ ತೋಟದ ಕಡೆ ನೋಡಿದಳು. ವನಜಾಕ್ಷಿ ತನ್ನ ಫೋನಿನಲ್ಲಿ ಹಂಸವನ್ನು ತೆರೆದು, ಮುಚ್ಚಿ, ಮತ್ತೆ ತೆರೆಯುತ್ತಿದ್ದಳು. ಅಲ್ಲಿ ಏನೂ ಇರಲಿಲ್ಲ. ಪ್ರತಿ ಸಲವೂ ಅದು 'ಇನ್‌ಬಾಕ್ಸ್ ಸ್ವಚ್ಛವಾಗಿದೆ, ಅಭಿನಂದನೆಗಳು' ಎಂದು ತೋರಿಸುತ್ತಿತ್ತು.

"ಅವ್ಳು ಬೇಕಂತಲೇ ಮಾಡಿರೋದು," ಎಂದಳು ಒಮ್ಮೆ. "ದಿನಾ ಮಾಡ್ತಾಳೆ ಅಂದ್ರೆ ಬೇಕಂತಲೇ."

ಕೃಷ್ಣಕುಮಾರ್ ಕನ್ನಡಿಯಲ್ಲಿ ಅವಳನ್ನು ನೋಡಿ, ಏನೋ ಹೇಳಲು ಹೋಗಿ, ಗೇರು ಬದಲಾಯಿಸಿದ.

ಸಿ.ಎಸ್. ಪುರದಲ್ಲಿ ಒಳರಸ್ತೆಗೆ ತಿರುಗಿ ಒಂದು ಹೆಂಚಿನ ಮನೆಯ ಮುಂದೆ ಗಾಡಿ ನಿಂತಿತು. ಜಗಲಿಯ ಮೇಲೆ ಮುದುಕಿಯೊಬ್ಬಳು ಮೊರದ ತುಂಬ ಅವರೆಕಾಯಿ ಇಟ್ಟುಕೊಂಡು ಸುಲಿಯುತ್ತಿದ್ದಳು. ಅಂಗಳ ಎಷ್ಟು ಚೊಕ್ಕಟವಾಗಿತ್ತೆಂದರೆ ಮೂವರೂ ಕಾಲಿಡಲು ಹಿಂದೆಮುಂದೆ ನೋಡಿದರು.

"ಏನ್ ಕಿಟ್ಟಪ್ಪ, ರಿಪೇರಿ ಅಂಗ್ಡಿನೇ ಮನೆ ಬಾಗ್ಲಿಗೆ ಬಂದ್ಬುಡ್ತಲ್ಲ!" ಎಂದಳು ದೊಡ್ಡಗಂಗಮ್ಮ, ಕಿವಿ ಮಂದದವರು ಮಾತಾಡುವಷ್ಟು ಜೋರಾಗಿ. "ಬರ್ರವ್ವ, ಕುಂತ್ಕಳಿ. ಸೊಸೆ ಗಾರ್ಮೆಂಟ್ಸ್‌ಗೆ ಹೋಗವ್ಳೆ, ಕಾಪಿ ನಾನೇ ಕಾಸ್ಬೇಕು. ಸಕ್ರೆ ಜಾಸ್ತಿ ಬಿದ್ರೆ ಸುಮ್ಕೆ ಕುಡೀಬೇಕು."

"ಕಾಫಿ ಬೇಡಜ್ಜಿ," ಎಂದಳು ನಂದಿತಾ. "ನಿಮ್ ಫೋನ್ ಬಗ್ಗೆ ಕೇಳಕ್ಕೆ ಬಂದ್ವಿ. ಮೇಲ್ ನೋಡ್ತೀರಾ ನೀವು?"

"ಮೇಲೆ ಏನದೆ ನೋಡಕ್ಕೆ?"

"ಅಲ್ಲಜ್ಜಿ, ಆ ಹಂಸದ ಚಿತ್ರ ಇದ್ಯಲ್ಲ, ಅದ್ರೊಳ್ಗೆ ಬರುತ್ತಲ್ಲ."

"ಓ, ಆ ಕಸ್ವಾ!" ಅವಳ ಮುಖ ಬೆಳಗಿತು. ಯಾರೂ ಕೇಳದೆ ಇದ್ದ ತನ್ನ ಕೆಲಸವೊಂದನ್ನು ಕೊನೆಗೂ ಯಾರೋ ಕೇಳಿದರೆಂಬ ಸಂತೋಷ. "ದಿನಾ ತೆಗೀತೀನಿ ಕಣವ್ವ. ಒಂದಿನ ತಪ್ಪಿಸಾಕಿಲ್ಲ. ಎದ್ದೇಟ್ಗೆ ಅಂಗ್ಳ ಗುಡಿಸ್ತೀನಿ, ನೀರಾಕ್ತೀನಿ, ರಂಗೋಲಿ ಬುಡ್ತೀನಿ. ಆಮ್ಯಾಕೆ ಕೈ ಒರೆಸ್ಕಂಡು ಇದನ್ನ ಗುಡಿಸ್ತೀನಿ. ರಾತ್ರಿಯೆಲ್ಲಾ ಯಾರ್ಯಾರ್ದೋ ಬಂದ್ ಬಿದ್ದಿರ್ತದೆ. ನಂಗೆ ಓದಕ್ ಬರಾಕಿಲ್ಲ. ಆದ್ರೆ ಕಸ ಕಸಾನೇಯ. ಕಿಟ್ಟಪ್ಪನೇ ಹೇಳ್ಕೊಟ್ಟಿದ್ದು. ಅಲ್ವೇನ್ಲಾ?"

ಕೃಷ್ಣಕುಮಾರ್ ನೆಲ ನೋಡಿದ. "ಮೆಮೊರಿ ಫುಲ್ ಅಂತ ತಂದಿದ್ರು," ಎಂದ ನಂದಿತಾಳಿಗೆ ಮಾತ್ರ ಕೇಳುವ ಹಾಗೆ. "ತುಂಬ್ಕಂಡ್ರೆ ಫೋನ್ ನಿಂತೋಗುತ್ತೆ, ಎಲ್ಲಾ ತೆಗೀತಾ ಇರಿ ಅಂದಿದ್ದೆ. ದಿನಾ ಅಂತ ಹೇಳಿರ್ಲಿಲ್ಲ."

"ಮದ್ಲು ಎಲ್ಲಾನೂ ಒಂದೇ ಕಿತ ಒತ್ತೋದು, ತೆಗಿಯೋದು," ದೊಡ್ಡಗಂಗಮ್ಮ ಗಾಳಿಯಲ್ಲಿ ಬೆರಳಾಡಿಸಿ ತೋರಿಸಿದಳು. "ಅದು ಹೋಗಿ ಆ ಬುಟ್ಟಿಲಿ ಕುಂತ್ಕತದೆ. ಬುಟ್ಟಿಲಿ ಕಸ ಮಡಿಕ್ಕಂಡು ಯಾರಾನ ಮನೇಲಿ ಇರ್ತಾರಾ? ಅದ್ನೂ ತಿಪ್ಪೆಗೆ ಸುರ್ದುಬುಡ್ತೀನಿ. ಆಗ ಅದು ಏನೋ ಬರೀತದೆ, ಚಪ್ಪಾಳೆ ತಟ್ತದೆ. ಚೆಂದಾಗಿ ಮಾಡ್ದೆ ಅಂತ ಇರ್ಬೇಕು."

ಹಂಸ ಆ್ಯಪಿನ ಚಪ್ಪಾಳೆ. ಇನ್‌ಬಾಕ್ಸ್ ಖಾಲಿ ಮಾಡಿದವರನ್ನು ಹುರಿದುಂಬಿಸಲು ಹಾಕಿದ್ದು. ಬಳಕೆದಾರರಿಗೆ ಅದು ಇಷ್ಟವಾಗಿದೆ ಎಂದು ಹೋದ ವರ್ಷ ವರದಿ ಬರೆದು ಕಳಿಸಿದ್ದವಳು ನಂದಿತಾಳೇ.

ಅವಳು ವನಜಾಕ್ಷಿಯ ಕಡೆ ತಿರುಗಿದಳು. ಕುಣಿಗಲ್‌ನಿಂದ ಇಲ್ಲಿಯವರೆಗೆ ವನಜಾಕ್ಷಿ ಹೊತ್ತು ತಂದಿದ್ದ ಬೈಗುಳವೆಲ್ಲ ಹಾಗೇ ಉಳಿದಿತ್ತು. ದ್ವೇಷಕ್ಕೆ ಅಂತ ಮಾಡಿದ್ದರೆ ಕೂದಲು ಹಿಡಿಯಬಹುದಿತ್ತು. ಅಂಗಳ ಗುಡಿಸಿದವಳನ್ನು ಏನು ಮಾಡುವುದು?

"ಅಜ್ಜಿ," ಎಂದಳು ನಂದಿತಾ, ಕಿವಿಯ ಹತ್ತಿರ ಬಗ್ಗಿ. "ಈಗ ಸ್ವಲ್ಪ ದಿನದ ಹಿಂದೆ, ಆ ಕಸದಲ್ಲಿ ಒಂದು ಮಗೂದು ಫೋಟೋ ಇತ್ತಾ?"

"ಇತ್ತಲ್ಲ! ಅಯ್ಯೋ, ಅದ್ರ ಮಕ ಅಂದ್ರೆ! ಅದನ್ನ ಗುಡಿಸಕ್ಕೆ ಕೈ ಬರ್ನಿಲ್ಲ ನಂಗೆ. ದೇವ್ರ ಪಟ ಬಂದ್ರೆ ಬೆಳ್ಳಲ್ಲಿ ಒತ್ತಿ ಹಿಡ್ದು ಉಳಿಸ್ಕತೀವಲ್ಲ, ಹಂಗೇ ಉಳಿಸ್ಕಂಡೆ. ಉಳ್ದಿದ್ದು ಬರೀ ಅಕ್ಸರ, ಅದ್ನ ಗುಡಿಸ್ದೆ. ಮೊನ್ನೆ ಸಂತೆಗೆ ಹೋಗಿದ್ದಾಗ ಕಿಟ್ಟಪ್ಪನ ಕೈಲೇ ಮ್ಯಾಲಕ್ಕೆ ಹಾಕಿಸ್ಕಂಡು ಬಂದೆ. ಇಗ ನೋಡು..."

ಅವಳು ಸೊಂಟದ ಚೀಲದಿಂದ ಫೋನ್ ತೆಗೆದು ಗುಂಡಿ ಒತ್ತಿದಳು. ಪರದೆ ಹೊತ್ತಿಕೊಂಡಿತು. ಪಕ್ಕದಲ್ಲಿದ್ದ ನಂದಿತಾ ಅದನ್ನು ನೋಡಿದಳು. ಒಂದೂವರೆ ವರ್ಷ ಇರಬಹುದು. ಬೋಳಿಸಿದ ತಲೆಯಲ್ಲಿ ಈಗಷ್ಟೇ ಚಿಗುರುತ್ತಿದ್ದ ಕೂದಲು. ಫೋಟೋದ ಆಚೆ ನಿಂತ ಯಾರನ್ನೋ, ಇನ್ನೇನು ಎತ್ತಿಕೊಳ್ಳುತ್ತಾರೆಂಬ ನಂಬಿಕೆಯಲ್ಲಿ ನೋಡುತ್ತಿತ್ತು. ಹಣೆಯ ಮೇಲೆ ಗಡಿಯಾರದ ಅಂಕಿಗಳಿದ್ದವು. ಗಲ್ಲದ ಮೇಲೆ ಹಂಸದ ಗುರುತು ಕೂತಿತ್ತು.

ಕೃಷ್ಣಕುಮಾರ್ ಎರಡು ಹೆಜ್ಜೆ ಹಿಂದೆ ಸರಿದ. "ಮೊಮ್ಮಗು ಅಂದ್ಕೊಂಡೆ," ಎಂದ. "ನಾನೇ ವಾಲ್‌ಪೇಪರ್ ಮಾಡ್ಕೊಟ್ಟೆ. ಇವ್ರ ಮೊಮ್ಮಗು ಅಂತ..."

"ತೋರಿಸ್ಬೇಡಿ!" ವನಜಾಕ್ಷಿ ಮುಖವನ್ನು ಪೂರ್ತಿ ಗೋಡೆಯ ಕಡೆ ತಿರುಗಿಸಿಬಿಟ್ಟಿದ್ದಳು. "ಮೊದ್ಲು ಫೋನ್ ಮಾಡಣ. ನಿಮ್ದೇ ಅಂತ ಅವ್ರು ಹೇಳ್ಳಿ, ಆಮೇಲೆ ನೋಡ್ತೀನಿ. ಅಲ್ಲೀವರ್ಗೂ ನೋಡಲ್ಲ ನಾನು."

ಅವಳು ಹಿಂದಕ್ಕೆ ಕೈ ಚಾಚಿ ತನ್ನ ಫೋನನ್ನು ಕೊಟ್ಟಳು. ನಂದಿತಾಳೇ ಉಮಾಮಹೇಶ್ವರಿಯ ನಂಬರು ಒತ್ತಿ, ಸ್ಪೀಕರ್ ಹಾಕಿ, ಫೋನನ್ನು ಅವರೆಕಾಯಿ ಮೊರದ ಪಕ್ಕ ಇಟ್ಟಳು. ತಾನು ಯಾರು ಎಂಬುದನ್ನೂ, ಒಂದೇ ಐಡಿಯ ವಿಷಯವನ್ನೂ, ವನಜಾಕ್ಷಿ ಹೋದ ತಿಂಗಳೇ ದೂರು ಕೊಟ್ಟದ್ದನ್ನೂ, ಅದಕ್ಕೆ ಸರಿಯಾಗಿ ಉತ್ತರಿಸದಿದ್ದುದು ತಾನೇ ಎಂಬುದನ್ನೂ ಹೇಳಿದಳು. ಕೃಷ್ಣಕುಮಾರ್ ಬಗ್ಗಿ, "ಮೇಡಂ, ಐಡಿ ಮಾಡ್ಕೊಟ್ಟಿದ್ದು ನಾನು. ಬೇಕಾದ್ರೆ ಎಲ್ಲಿಗ್ ಬೇಕಾದ್ರೂ ಬಂದು ಹೇಳ್ತೀನಿ," ಎಂದ. ಕೊನೆಗೆ ದೊಡ್ಡಗಂಗಮ್ಮ. ಅವಳಿಗೆ ಅರ್ಧದಷ್ಟು ಮಾತ್ರ ತಿಳಿದಿತ್ತು. ಆ ಅರ್ಧ ಸಾಕಾಗಿತ್ತು. ಅವರೆ ಸೊಗಡಿನ ಕೈಯನ್ನು ಸೀರೆಗೆ ಒರೆಸಿಕೊಂಡು ಫೋನಿನ ಹತ್ತಿರ ಬಗ್ಗಿದಳು.

"ನಾನೇ ಕಣವ್ವ ಗುಡಿಸಿದ್ದು. ಗೊತ್ತಾಗ್ನಿಲ್ಲ ನಂಗೆ. ಈ ಹೆಣ್ಮಗಳ್ದು ಏನೂ ತೆಪ್ಪಿಲ್ಲ. ಅವ್ಳು ಬ್ಯಾಡ ಅಂದಿಲ್ಲ. ಅವ್ಳು ನೋಡೇ ಇಲ್ಲ."

ಅತ್ತ ಕಡೆ ಯಾರೋ ಕುರ್ಚಿ ಸರಿಸಿದ ಸದ್ದು.

"ವನಜಾಕ್ಷಿಯವರೇ, ಕೇಳಿಸ್ತಿದ್ಯಾ?" ಉಮಾಮಹೇಶ್ವರಿಯ ದನಿ ಮೆತ್ತಗಿತ್ತು. "ನಾನೇ ನಿಮಗೆ ಫೋನ್ ಮಾಡೋಳಿದ್ದೆ. ಅವರು ಒಪ್ಕೊಂಡ್ರು. ಇವತ್ತು ಊಟಕ್ಕೆ ಮುಂಚೆ. ಆಗ್ಲೇ ಮಗೂನ ನೋಡೋಕೆ ಹೊರಟಿದಾರೆ. ಒಪ್ಕೊಂಡ ಮೇಲೆ ಅದನ್ನ ವಾಪಸ್ ತಗೊಳ್ಳೋಕೆ ಯಾರ ಕೈಲೂ ಆಗಲ್ಲ."

ಊಟಕ್ಕೆ ಮುಂಚೆ ಇವರು ಮೂವರೂ ಗುಬ್ಬಿಯ ಅಂಗಡಿಯಲ್ಲಿ ಒಂದು ಗೋಡೆಯ ಮುಂದೆ ನಿಂತಿದ್ದರು.

"ನಿಮ್ಮ ಹೆಸರು ಸಾಲಲ್ಲಿ ಇದ್ದೇ ಇರುತ್ತೆ," ಎಂದಿತು ಆ ದನಿ. "ಬೇರೆ ಮೇಲ್ ಐಡಿ ಕೊಡಿ, ನಾನೇ ಹಾಕ್ತೀನಿ. ಎಷ್ಟು ದಿನ ಅಂತ ಹೇಳೋಕಾಗಲ್ಲ. ಆದ್ರೆ ಬರುತ್ತೆ. ವನಜಾಕ್ಷಿಯವರೇ?"

ವನಜಾಕ್ಷಿ ಗೋಡೆಯ ಕಡೆಗೇ ತಿರುಗಿ ನಿಂತಿದ್ದಳು. ನಂದಿತಾ ಫೋನ್ ಕಟ್ ಮಾಡಿದಳು.

"ಈಗ್ಲೇ ಒಂದ್ ಹೊಸಾ ಐಡಿ ಮಾಡ್ಕೊಡ್ತೀನಿ ಕಣಕ್ಕ," ಎಂದ ಕೃಷ್ಣಕುಮಾರ್. "ನಿಮ್ಗೊಬ್ರಿಗೇ. ಇಲ್ಲೇ, ಈಗ್ಲೇ." ಯಾರೂ ಅವನ ಕಡೆ ನೋಡಲಿಲ್ಲ. ಅವನು ಹೋಗಿ ಓಮ್ನಿಯ ಬಾಗಿಲು ಹಿಡಿದು ನಿಂತ.

ವನಜಾಕ್ಷಿ ಜಗಲಿಯ ಅಂಚಿಗೆ ಕೂತಳು. ಅವಳ ಫೋನು ಹೊಡೆದುಕೊಂಡಿತು. ಪರದೆಯ ಮೇಲೆ ಅಂಜನ್‌ಕುಮಾರನ ಹೆಸರು. ಬೂಸಾ ಇಳಿಸಿ ಮುಗಿದಿರಬೇಕು, ಊಟಕ್ಕೆ ಮನೆಗೆ ಹೋಗಿ ಬೀಗ ನೋಡಿರಬೇಕು. ಅವಳು ಅದು ಹೊಡೆದುಕೊಳ್ಳುವುದನ್ನೇ ನೋಡುತ್ತಿದ್ದಳು. ನಿಂತಿತು.

ದೊಡ್ಡಗಂಗಮ್ಮ ಮೊರವನ್ನು ಪಕ್ಕಕ್ಕೆ ತಳ್ಳಿ, ಮಂಡಿಯ ಮೇಲೆ ಕೈಯೂರಿ ಎದ್ದಳು. ಸೆರಗಿನ ತುದಿಯಿಂದ ತನ್ನ ಫೋನಿನ ಪರದೆಯನ್ನು ಒರೆಸಿದಳು. ಒಮ್ಮೆ ಒರೆಸಿ, ಸಾಲದೆಂಬಂತೆ ಮತ್ತೆ ಒರೆಸಿದಳು. ವನಜಾಕ್ಷಿಯ ಪಕ್ಕಕ್ಕೆ ಬಂದು ಕೂತು, ಗುಂಡಿ ಒತ್ತಿ, ಬೆಳಕು ಹೊತ್ತಿಕೊಂಡ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಚಾಚಿದಳು.

"ತಗಳವ್ವ. ಇದು ನಿಂಗೆ ಬಂದಿದ್ದು, ನಂದಲ್ಲ. ಕಿಟ್ಟಪ್ಪಂಗೇಳಿ ನಿನ್ ಫೋನ್ಗೆ ಹಾಕಿಸ್ಕೊ. ಅಷ್ಟ್ ವರ್ಸ ಕಾದಿದೀಯ. ಮಕನಾದ್ರೂ ನೋಡವ್ವ ಒಂದ್ಕಿತ."

"ಬ್ಯಾಡಜ್ಜಿ," ಎಂದಳು ವನಜಾಕ್ಷಿ, ಅಂಗಳವನ್ನೇ ನೋಡುತ್ತ. "ನಂಗೆ ಬ್ಯಾಡ."